ಆರ್ವೋನ ಪಕ್ಕದಲ್ಲಿ ಕೂರುವವಳು

ಲೆಂಪಿ ಕೊಸ್ಕಿಗೆ ಸಾಕಾಗಿಹೋಗಿತ್ತು. ಮಿಷಿಗನ್ನಿನ ಉತ್ತರ ತುದಿಯ ಆ ಗಣಿಯೂರಿನ ಹ್ಯಾಮ್ ರೇಡಿಯೊ ಸಂಘದವರು, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು, ಗುಡ್ಡದ ಮೇಲೆ ಒಂದು ರಿಪೀಟರ್ ಇಟ್ಟಿದ್ದರು. ತಮ್ಮ ಮಾತನ್ನು ಹಿಡಿದು ದೂರಕ್ಕೆ ದಾಟಿಸುವ ಯಂತ್ರ. ಅದರ ಲೈಸೆನ್ಸಿಗೆ ಹೊಣೆ ಯಾರು ಎಂದು ಕೇಳಿದ ದಿನ ಉಳಿದವರೆಲ್ಲ ಕಾಫಿ ಲೋಟದಲ್ಲಿ ಮುಖ ಹುದುಗಿಸಿದ್ದರು. ಹೂಂ ಅಂದವಳು ಇವಳೊಬ್ಬಳೇ. ಊರ ಉಸಾಬರಿ ಹೊತ್ತವರ ಹಣೆಬರಹವೇ ಇಷ್ಟು.

ಈಗಿನ ತಲೆನೋವು ಆರ್ವೋ. ಹೆಂಡತಿ ತೀರಿಕೊಂಡ ಮುದುಕ. ಲೆಂಪಿಗೆ ಈ ರೇಡಿಯೊ ಹುಚ್ಚು ಹತ್ತಿಸಿದವನೇ ಅವನು. ಲೈಸೆನ್ಸ್ ನವೀಕರಿಸಲು ಮರೆತ, ಸರ್ಕಾರ ಕೊಟ್ಟ ವಾಯಿದೆಯೂ ಮುಗಿಯಿತು. ಇನ್ನು ಹೊಸದಾಗಿ ಪರೀಕ್ಷೆ ಕಟ್ಟಬೇಕು. ಈಗ ಹೇಳಿದ್ದನ್ನು ಈಗಲೇ ಮರೆಯುವವನು ಯಾವ ಪರೀಕ್ಷೆ ಕಟ್ಟಿಯಾನು? ಆದರೂ ದಿನಾ ಸಂಜೆ ಎಲ್ಲರೂ ರೇಡಿಯೊದಲ್ಲಿ ಸೇರುವ ಹೊತ್ತಿಗೆ ಲೈಸೆನ್ಸಿನ ಜೊತೆ ಸಿಕ್ಕಿದ್ದ ಗುರುತಿನ ಹೆಸರು, ತನ್ನ ಹಳೆಯ ಕಾಲ್‌ಸೈನ್ ಹೇಳಿ ಹಾಜರಾಗುತ್ತಿದ್ದ. ಗೊತ್ತಿದ್ದವರೂ ಗೊತ್ತಿಲ್ಲದವರಂತೆ "ಬಾ ಆರ್ವೋ" ಎನ್ನುತ್ತಿದ್ದರು. ಅವರಿಗೇನು? ತಿಳಿದೂ ಸುಮ್ಮನಿದ್ದಳೆಂದು ಲೈಸೆನ್ಸ್ ಹೋದರೆ ಹೋಗುವುದು ಲೆಂಪಿಯದು.

ಒಂದು ಸಂಜೆ ಅವಳು ಬೂಟಿನ ಹಿಮ ಕೊಡವಿ, ರೇಡಿಯೊ ಇದ್ದ ಅವನ ಅಡುಗೆಮನೆಯಲ್ಲಿ ಕೂತಳು.

"ಇನ್ಮೇಲೆ ಮೈಕ್ ಮುಟ್ಬೇಡ ಕಣೋ."

"ಯಾಕೆ, ಯಾರಿಗಾದ್ರೂ ಬೈದ್ನಾ?"

"ನಿನ್ ಲೈಸೆನ್ಸ್ ಮುಗಿದ್ಹೋಗಿದೆ. ಹೋದ್ವಾರಾನೂ ಹೇಳಿದ್ದೆ."

"ನನ್ ಹತ್ರಾನೇ ಕಲ್ತು ನಂಗೇ ಪೊಲೀಸಾದ್ಯಾ?" ಎಂದವನು ಆಮೇಲೆ ಮೆತ್ತಗೆ ಕೇಳಿದ, "ಮತ್ತೆ ಸಂಜೆ ನಾನ್ ಯಾರ ಹತ್ರ ಮಾತಾಡ್ಲಿ?"

ಕಾನೂನಿನಲ್ಲಿ ಒಂದು ದಾರಿ ಇತ್ತು. ಲೈಸೆನ್ಸ್ ಇದ್ದವರು ಪಕ್ಕದಲ್ಲೇ ಕೂತು, ತಮ್ಮ ಕಾಲ್‌ಸೈನ್ ಹೇಳಿ ಮೈಕ್ ಕೊಟ್ಟರೆ ಇಲ್ಲದವರೂ ಮಾತಾಡಬಹುದು. ಹೆಚ್ಚುಕಮ್ಮಿಯಾದರೆ ಹೊಣೆ ಪಕ್ಕದಲ್ಲಿ ಕೂತವರದು. ಇದು ಲೆಂಪಿಗೆ ಬರುವಾಗಲೇ ಗೊತ್ತಿತ್ತು. ಬಾಯಿ ಬಿಡಬಾರದೆಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ಬಂದಿದ್ದಳು. ಕೊನೆಗೂ ಕುರ್ಚಿ ಎಳೆದುಕೊಂಡು ತನ್ನ ಕಾಲ್‌ಸೈನ್ ಹೇಳಿ ಮೈಕನ್ನು ಅವನ ಕೈಗಿಟ್ಟಳು.

ಆರ್ವೋ ಹಿಮದ ಬಗ್ಗೆ, ಮಂಡಿನೋವಿನ ಬಗ್ಗೆ ಹರಟಿದ. ಮುಗಿಸುವಾಗ ಹಳೆಯ ಕಾಲ್‌ಸೈನ್ ನಾಲಿಗೆಗೆ ಬಂತು. ಲೆಂಪಿ ಅವನ ಬೆರಳನ್ನು ಮೈಕಿನ ಗುಂಡಿಯಿಂದ ಬಿಡಿಸಿ, ತಾನೇ ಒತ್ತಿ ತನ್ನದನ್ನೇ ಹೇಳಿ ಮುಗಿಸಿದಳು.

ಹೊರಡುವಾಗ ಮೈಕ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು.

"ನನ್ ಮೇಲೆ ನಂಬಿಕೆ ಇಲ್ವಾ?"

"ಇದೆ. ನಾಳೆ ನಿಂಗೆ ನೆನಪಿರಲ್ಲ, ಅದಕ್ಕೆ."

ಅವನು ಬಾಗಿಲು ತೆಗೆದು ಹಿಡಿದ.

"ಪಾಪ, ಹಂಗಾದ್ರೆ ನಾಳೆನೂ ನೀನೇ ಬಂದು ನಂಗೆ ಇದನ್ನ ಹೇಳ್ಬೇಕಲ್ಲೇ."