ಅತ್ತೆ ಮೆಚ್ಚಿದ ರಕ್ತಪಿಶಾಚಿ

ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದ ಹೊಸತರಲ್ಲಿ ಅತ್ತೆಯ ಹತ್ತಿರ ಏನು ಮಾತಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಹಾಸನದಲ್ಲಿ ಕೆಲಸ ಮುಗಿಸಿ ಸಂಜೆ ಬಸ್ಸಿಳಿದು ಬಂದರೆ ಅವರು ಕಾಫಿ ಕೊಡುತ್ತಿದ್ದರು, ನಾನು ಕುಡಿಯುತ್ತಿದ್ದೆ, ಅಷ್ಟೇ. ಆಮೇಲೆ ಟಿವಿಯಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ಹಾಕಿಕೊಂಡು ಕೂರುತ್ತಿದ್ದೆ. ಅದರ ನಾಯಕ ರಕ್ತಪಿಶಾಚಿ. ನೋಡಲು ಚೆಂದ, ಮಾತು ಕಡಿಮೆ.

ಒಂದು ಸಂಜೆ ಅತ್ತೆ ಅವರೆಕಾಯಿ ಸುಲಿಯುತ್ತಾ ಪಕ್ಕಕ್ಕೆ ಬಂದು ಕೂತರು. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ನಾನು ಗಾಬರಿಯಿಂದ ರಿಮೋಟಿಗೆ ಕೈ ಹಾಕಿದೆ.

"ಇರ್ಲಿ ಬುಡವ್ವ. ಅವನ್ಯಾಕೆ ಅಂಗೆ ಸಪ್ಪಗೆ ಕೂತವ್ನೆ?"

"ಹಸಿವು ಅತ್ತೆ. ರಕ್ತ ಕುಡಿದೇ ಬದುಕಬೇಕು. ಆದ್ರೂ ಮನುಷ್ಯರದ್ದು ಬೇಡ ಅಂತ ಬಿಟ್ಟಿದಾನೆ."

"ಬುಟ್ಟವ್ನಾ?" ಅತ್ತೆಯ ಕೈ ನಿಂತಿತು. "ಬುಡೋದು ಸುಲ್ಬ ಅಲ್ಲ ಕಣವ್ವ."

ಅಂದಿನಿಂದ ದಿನವೂ ನಾನು ಅರ್ಥ ಹೇಳುವುದು, ಅವರು ಕೇಳುವುದು. ಒಂದು ಕಂತಿನಲ್ಲಿ ಅವನನ್ನು ಪ್ರೀತಿಸುವ ಹುಡುಗಿ ಬೆರಳು ಕೊಯ್ದುಕೊಂಡಳು. ರಕ್ತ ಕಂಡದ್ದೇ ಅವನು ಮನೆಯಿಂದ ಹೊರಗೋಡಿ, ಒಂದು ಮರವನ್ನು ಗಟ್ಟಿಯಾಗಿ ತಬ್ಬಿಕೊಂಡು ನಿಂತ.

"ನಿಮ್ಮಾವನೂ ಇಂಗೇ ಇದ್ರು" ಎಂದರು ಅತ್ತೆ.

ಮಾವ ತೆಂಗಿನಕಾಯಿ ವ್ಯಾಪಾರಿ. ಅವರು ದನಿ ಏರಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಮದ್ವೆಯಾದ ಒಸದ್ರಲ್ಲಿ ಒಂದ್ಸಲ ಕೈ ಎತ್ಬುಟ್ರು. ನಾನು ಅಳ್ನಿಲ್ಲ, ಸುಮ್ಕೆ ನೋಡ್ದೆ. ಅವತ್ತಿಂದ ಸಿಟ್ಟು ಬಂದ್ರೆ ಮನೇಲಿ ನಿಲ್ತಿರ್ನಿಲ್ಲ. ಮಂಡಿಗೋಗಿ ಕಾಯಿ ಸುಲಿಯೋರು. ಕೈ ಬೊಬ್ಬೆ ಬಂದ್ರೂ ಸುಲಿಯೋರು. ಸಿಟ್ಟಿಳಿದ್ಮೇಲೇ ಬರೋರು."

"ಈಗ ಸಿಟ್ಟು ಹೋಯ್ತಾ ಅತ್ತೆ?"

"ಎಲ್ಲೋದದು? ಬತ್ತದೆ. ನಂಗೊಬ್ಳಿಗೇ ಗೊತ್ತಾಯ್ತದೆ."

ಆ ನಾಯಕ ನನಗೆ ಯಾಕಿಷ್ಟವೆಂದು ಗೆಳತಿಯರು ಕೇಳಿದಾಗ ಕಣ್ಣು ಚೆಂದ ಎಂದಿದ್ದೆ. ಕಣ್ಣೇನೋ ಚೆಂದವೇ. ಆದರೆ ಕೆಡುಕು ಮಾಡುವ ಬಲವೂ ಹಸಿವೂ ಒಳಗೆ ಹಾಗೇ ಇದ್ದು, ಪ್ರತಿದಿನ ಬೆಳಗಾದರೆ ಮತ್ತೆ ಬೇಡವೆನ್ನುವವನು ಅವನು. ಹುಟ್ಟಾ ಒಳ್ಳೆಯವನಿಗೆ ಆ ಕಷ್ಟವಿಲ್ಲ.

ಮರುವಾರ ಮಾವ ಬಾಗಿಲಲ್ಲಿ ನಿಂತು ಇಣುಕಿದರು. "ಇಬ್ರೂ ಅದ್ಯಾರ್ನವ್ವ ಅಷ್ಟು ನೋಡ್ತೀರಿ?"

"ಬನ್ನಿ ಕೂತ್ಕಳಿ. ಒಳ್ಳೆ ಉಡ್ಗ" ಎಂದು ಅತ್ತೆ ಸರಿದು ಜಾಗ ಕೊಟ್ಟರು.

ಮಾವ ಸ್ವಲ್ಪ ಹೊತ್ತು ನೋಡಿದರು. "ಪಾಪ, ಬಿಳಿಚ್ಕೊಂಡವ್ನೆ. ಒಂದು ಎಳ್ನೀರಾದ್ರೂ ಕುಡೀಬಾರ್ದಾ?"

ಅತ್ತೆ ಸೆರಗು ಬಾಯಿಗೊತ್ತಿ ನಕ್ಕರು. ನಾನು ಮಾವನಿಗಾಗಿ ಮೊದಲನೇ ಕಂತಿನಿಂದ ಮತ್ತೆ ಹಾಕಿದೆ. ಈ ಸಲ ಅರ್ಥ ಹೇಳುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು.