ಸ್ಟಿಕ್ಕರ್ ಮೇಲೆ ಯಾರ ಹೆಸರು?

ಕೇಳ್ರಪ್ಪಾ, ಹರಿಹರದ ಪ್ರಸಾದವನ್ನು ನೆಂಟರಿಗೆ ಅಂಚೆಯಲ್ಲಿ ಕಳಿಸುವವಳು ನಾನು. ಹೋದ ಸಲ ಕೈಬರಹದ ವಿಳಾಸ ಅಳಿಸಿ, ಒಂದು ಪೊಟ್ಟಣ ತಲುಪಲೂ ಇಲ್ಲ, ವಾಪಸ್ಸೂ ಬರಲಿಲ್ಲ. ನಮ್ಮ ವಿಳಾಸದ ಸ್ಟಿಕ್ಕರ್ ಮಾಡಿಸಲೇಬೇಕೆಂದು ಇವತ್ತು ಸರಸ್ವತಿ ನಗರದ ಜೆರಾಕ್ಸ್ ಅಂಗಡಿಗೆ ಹೋದೆ.

“ಮನೆಗೇ ಒಂದು ಪ್ರಿಂಟರ್ ತಗೊಳ್ರಿ ಅಕ್ಕಾರ,” ಎಂದ ಅಂಗಡಿಯವನು.

“ಅಪರೂಪಕ್ಕೊಂದು ಹಾಳೆಗೆ ಪ್ರಿಂಟರ್ ಯಾಕಪ್ಪಾ? ನೀನೇ ಹೊಡಿ.”

“ಯಜಮಾನ್ರ ಹೆಸರು ಹೇಳ್ರಿ.”

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ.

“ಅವರದು ಬ್ಯಾಡ. ಪ್ರಸಾದ ಕಳಿಸಾಕಿ ನಾನು, ನನ್ನ ಹೆಸರೇ ಹಾಕು.”

ಮನೆಯಲ್ಲಿ ಯಜಮಾನರು ಕನ್ನಡಕ ಹಾಕಿಕೊಂಡು ಹಾಳೆಯೆಲ್ಲ ಹುಡುಕಿದರು.

“ನನ್ನ ಹೆಸರು ಎಲ್ಲೈತೆ?”

“ನಾನು ಹೇಳಲ್ಲ ಅಂತ ಗೊತ್ತೈತಲ್ಲ. ಮುಂದಿನ ಸಲ ನೀವೇ ಹೋಗಿ ಹೇಳ್ರಿ.”

ಅವರಂತೂ ಹೋಗುವವರಲ್ಲ. ಇನ್ನು ಊರೂರಿಗೆ ನನ್ನ ಹೆಸರೇ ಹೋಗುತ್ತದೆ.