ಅಮ್ಮನ ಕಡೇ ಟ್ಯೂಬು

ಅಮ್ಮ ಸತ್ತು ಎರಡು ವರ್ಷ ಕಳೆದಿದ್ದರೂ ಅವಳ ರಕ್ತ ನಾನು ಕೆಲಸ ಮಾಡೋ ಲ್ಯಾಬಿನ ಫ್ರೀಜರ್‌ನಲ್ಲಿತ್ತು. ರಕ್ತ ಅಂದರೆ ಕೆಂಪಗಿರೋದಲ್ಲ, ಕೆಂಪು ತಳಕ್ಕೆ ಕೂತಮೇಲೆ ಮೇಲೆ ನಿಲ್ಲೋ ತಿಳಿ. ನಾವು ಸೀರಮ್ ಅಂತೀವಿ.

ನಂದಿದುರ್ಗ ಚಿನ್ನದ ಗಣಿ ಕೂಲಿಗಳ ಲೈನ್ ಮನೆಗಳಿಗೆ ಹಾಲು ಹಾಕ್ತಿದ್ದವಳು ಅಮ್ಮ. ಮೈಮೇಲೆ ಬೊಬ್ಬೆ ಎದ್ದಾಗ ಊರಲ್ಲಿ ಸರ್ಪಸುತ್ತು ಅಂದರು, ಕೆಮ್ಮಣ್ಣು ಕಲಸಿ ಎದೆ ಬೆನ್ನಿಗೆಲ್ಲ ಬಳಿದರು. ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತಿ ಲ್ಯಾಬಿನಲ್ಲಿ ಇಂಥದೇ ಬೊಬ್ಬೆ ಕಾಯಿಲೆಯ ಪರೀಕ್ಷೆ ಮಾಡೋಕೆ ಹೋಗೋ ನಾನು, ನನ್ನ ತಲೆಗೆ ಏನು ಬಡಿದಿತ್ತೋ, ಕೆಮ್ಮಣ್ಣಿನ ಬಟ್ಟಲು ಹಿಡಕೊಂಡು ಪಕ್ಕದಲ್ಲಿ ನಿಂತಿದ್ದೆ. ಬಾಯೊಳಗೂ ಹುಣ್ಣಾಗಿ ಮುದ್ದೆ ನುಂಗೋಕೆ ಆಗದೆ ಹೋದಮೇಲೇ ಇದು ಸರ್ಪಸುತ್ತಲ್ಲ ಅಂತ ನನಗೆ ಹೊಳೆದದ್ದು. ಕೆಮ್ಮಣ್ಣು ಬಳೀತಾ ಕಳೆದ ಆ ಎರಡು ತಿಂಗಳಿಗೆ ನಾನು ನನ್ನನ್ನು ಕ್ಷಮಿಸಿಲ್ಲ.

ನಮ್ಮದೇ ಮೈ ನಮ್ಮ ಚರ್ಮದ ಅಂಟು ಬಿಡಿಸೋ ಕಾಯಿಲೆ ಇದು. ಬಿಡಿಸೋ ಪ್ರತಿಕಾಯ ಸೀರಮ್ಮಿನಲ್ಲಿ ಇದೆಯಾ ಅಂತ ನೋಡಬೇಕು. ಗಾಜಿನ ಮೇಲಿಟ್ಟ ಚರ್ಮದಂಥ ತೆಳು ಪದರಕ್ಕೆ ಒಂದು ಹನಿ ಬಿಟ್ಟು, ತೊಳೆದು, ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರೆ ಕಾಯಿಲೆ ಇದ್ದವರದು ಹಸಿರು ಬಲೆ ಥರ ಹೊಳೆಯುತ್ತೆ. ಪ್ರತಿ ಸಲವೂ ಪಕ್ಕದಲ್ಲಿ, ಹೊಳೆದೇ ಹೊಳೆಯುತ್ತೆ ಅಂತ ಗೊತ್ತಿರೋ ಒಂದು ಸೀರಮ್ ಇಡಬೇಕು. ಅದು ಕಂಟ್ರೋಲ್. ಅದು ಹೊಳೆಯದಿದ್ದರೆ ಅವತ್ತಿನ ಯಾವ ಫಲಿತಾಂಶವನ್ನೂ ನಂಬೋ ಹಾಗಿಲ್ಲ.

ಅಮ್ಮನಿಗೂ ಇದೇ ಕಾಯಿಲೆ ಅಂತ ಖಚಿತ ಆದಮೇಲೆ, ಕಂಟ್ರೋಲ್‌ಗೆ ಅಂತ ಡಾಕ್ಟರು ರಕ್ತ ಕೇಳಿದಾಗ ಅವಳು, "ತಕ್ಕೊಳ್ಳಿ ಸಾಮಿ, ಎಂಗೂ ನಂಗೇ ಕೇಡು ಮಾಡ್ತಿರೋ ರಕ್ತ ತಾನೆ" ಅಂದಿದ್ದಳು. ಆಮೇಲೆ ಹುಣ್ಣಿಗೆ ನಂಜೇರಿ ಹೋಗಿಬಿಟ್ಟಳು. ಟ್ಯೂಬುಗಳು ಉಳಿದವು.

ಅಲ್ಲಿಂದ ಪ್ರತಿ ವಾರ ಕತ್ತಲೆ ಕೋಣೆಗೆ ಅಮ್ಮ ಬರೋಳು. ಹಸಿರು ಕಂಡ ಕೂಡಲೇ ಮನಸ್ಸಲ್ಲೇ "ಬಂದ್ಯಾ" ಅಂತಿದ್ದೆ. ಹೆದರಿಕೆ ಆಗೋದು, ಆದರೂ ಮುಂದಿನ ವಾರಕ್ಕೆ ಕಾಯ್ತಿದ್ದೆ. ಒಂದೇ ಟ್ಯೂಬು ಉಳಿದಾಗ ಅದನ್ನು ಫ್ರೀಜರಿನ ಮೂಲೆಗೆ ತಳ್ಳಿ, "ಮುಗೀತು ಸಾರ್" ಅಂತ ನಮ್ಮ ಮೇಲಿನವರಿಗೆ ಸುಳ್ಳು ಹೇಳಿದೆ. ಅವರು ಹೊರಗಿಂದ ಕಂಟ್ರೋಲ್ ತರಿಸೋಕೆ ಶುರುಮಾಡಿದರು.

ಒಂದು ಸಲ ದಾರಿಯಲ್ಲೇ ಐಸ್ ಕರಗಿ ಅದು ಕೆಟ್ಟು ಬಂತು. ಅವತ್ತು ಕಾಮಸಮುದ್ರದ ಕಡೆಯ ಹೆಂಗಸೊಬ್ಬರ ಸೀರಮ್ ಬಂದಿತ್ತು. ಅವರಿಗೆ ಸಕ್ಕರೆ ಕಾಯಿಲೆ ಬೇರೆ, ಇದೇ ರೋಗ ಅಂತ ಖಚಿತ ಆಗದೆ ಸಕ್ಕರೆ ಏರಿಸೋ ಇದರ ಜೋರು ಮಾತ್ರೆ ಕೊಡೋಕೆ ಡಾಕ್ಟರಿಗೆ ಧೈರ್ಯ ಇರಲಿಲ್ಲ. ವರದಿಗೆ ಇನ್ನೊಂದು ವಾರ ಆಗುತ್ತೆ ಅಂತ ಅವರ ಮಗಳಿಗೆ ಅಂದೆ. ಅವಳು ಲ್ಯಾಬಿನ ಕಿಟಕಿ ಬಿಟ್ಟು ಹೋಗಲಿಲ್ಲ.

"ಅಮ್ಮ ಮುದ್ದೆ ನುಂಗಿ ಎಷ್ಟ್ ದಿನ ಆಯ್ತೋ ಅಕ್ಕಾ. ಇನ್ನೊಂದ್ ವಾರ ಅಂದ್ರೆ ಎಂಗೆ?"

ಅವಳ ಉಗುರಲ್ಲಿ ಇನ್ನೂ ಕೆಮ್ಮಣ್ಣಿತ್ತು. ಬೈಯೋಣ ಅಂದುಕೊಂಡೆ. ಯಾವ ಬಾಯಲ್ಲಿ ಬೈಯಲಿ?

ಒಳಗೆ ಹೋಗಿ ಫ್ರೀಜರಿನ ಮೂಲೆಗೆ ಕೈ ಹಾಕಿದೆ. ಮೇಲಿನವರು ಟ್ಯೂಬು ನೋಡಿದರು, ನನ್ನ ಮುಖ ನೋಡಿದರು, ಗಾಜಿನ ಪಟ್ಟಿ ತೆಗೆದು ನನ್ನ ಮುಂದಿಟ್ಟರು. ಒಮ್ಮೆ ಕರಗಿಸಿದರೆ ಮತ್ತೆ ಇಡೋ ಹಾಗಿಲ್ಲ ಅಂತ ಗೊತ್ತಿದ್ದೂ ಅಂಗೈಯಲ್ಲಿ ಹಿಡಿದು ಕರಗಿಸಿದೆ.

ಎರಡೂ ಹೊಳೆದವು, ಅಮ್ಮನದೂ, ಅವರದೂ. ಅವತ್ತೇ ಮಾತ್ರೆ ಶುರುವಾಯ್ತು.

ವರದಿ ಕಳಿಸಿ ಮತ್ತೆ ಕತ್ತಲೆ ಕೋಣೆಗೆ ಬಂದೆ. ಆ ಹಸಿರು, ಸೂಕ್ಷ್ಮದರ್ಶಕದ ಬೆಳಕು ಬಿದ್ದಷ್ಟು ಹೊತ್ತೂ ಮಾಸುತ್ತಾ ಹೋಗುತ್ತೆ. ಅದಕ್ಕೇ ನೋಡಿದ ಕೂಡಲೇ ಬೆಳಕು ಮುಚ್ಚಿಬಿಡೋದು ನಮ್ಮ ಅಭ್ಯಾಸ. ಅವತ್ತು ಮುಚ್ಚೋಕೆ ಕೈ ಬರಲಿಲ್ಲ. ಅಮ್ಮ ಪೂರ್ತಿ ಮಾಸೋವರೆಗೂ ನೋಡ್ತಾ ಕೂತೆ.